ಆರ್‌ಮಾನ್ ಅಲಾರಂ ಮತ್ತು ಈವೆಂಟ್

ಆರ್‌ಮಾನ್ ಅಲಾರಂ ಎಂಬುದು ಗಣಕಜಾಲದ ಸ್ವಿಚ್ ತನ್ನದೇ ಎಣಿಕೆಗಳನ್ನು ನಿಗದಿತ ಕಾಲಾಂತರದಲ್ಲಿ ಪರೀಕ್ಷಿಸಿ, ಅವು ಮೊದಲೇ ಗೊತ್ತುಪಡಿಸಿದ ಮಿತಿಯನ್ನು ದಾಟಿದಾಗ ಗುರುತಿಸುವ ವ್ಯವಸ್ಥೆಯಾಗಿದೆ. ಹಾಗೆ ಗುರುತಿಸಿದ ಮೇಲೆ ಸ್ವಿಚ್ ಏನು ಮಾಡಬೇಕು, ತನ್ನಲ್ಲಿ ಬರೆದಿಟ್ಟುಕೊಳ್ಳಬೇಕೇ, ದೂರದ ನಿರ್ವಹಣಾ ಕೇಂದ್ರಕ್ಕೆ ಸಂದೇಶ ಕಳುಹಿಸಬೇಕೇ ಎಂಬುದನ್ನು ಆರ್‌ಮಾನ್ ಈವೆಂಟ್ ನಿರ್ಧರಿಸುತ್ತದೆ. ಆರ್‌ಮಾನ್ ಎಂಬುದು ರಿಮೋಟ್ ಮಾನಿಟರಿಂಗ್, ಅಂದರೆ ದೂರದಿಂದ ನಡೆಸುವ ಮೇಲ್ವಿಚಾರಣೆ ಎಂಬುದರ ಸಂಕ್ಷಿಪ್ತ ರೂಪ. ಇದು ಎಸ್‌ಎನ್‌ಎಂಪಿ ಎಂಬ ಜಾಲನಿರ್ವಹಣಾ ನಿಯಮಾವಳಿಯ ಮೇಲೆ ಕೆಲಸ ಮಾಡುತ್ತದೆ. ಕಚೇರಿ, ಕಾಲೇಜು, ಆಸ್ಪತ್ರೆ, ಕಾರ್ಖಾನೆಗಳಲ್ಲಿ ಬಳಸುವ, ನಿರ್ವಹಣಾ ಸೌಲಭ್ಯವುಳ್ಳ ಹೆಚ್ಚಿನ ಈಥರ್ನೆಟ್ ಸ್ವಿಚ್‌ಗಳಲ್ಲಿ ಈ ಸೌಲಭ್ಯ ಲಭ್ಯವಿದೆ. ಆದರೆ ಮಿತಿ, ಅವಧಿ ಮತ್ತು ಮಾದರಿಯ ಬಗೆಯನ್ನು ಸರಿಯಾಗಿ ಆರಿಸದಿದ್ದರೆ ಅಲಾರಂ ಇದ್ದೂ ಇಲ್ಲದಂತಾಗುತ್ತದೆ.

ಹಿನ್ನೆಲೆ

ಎಸ್‌ಎನ್‌ಎಂಪಿಯ ಮೊದಲ ರೂಪ 1988ರಲ್ಲಿ ಪ್ರಕಟವಾಯಿತು. ಅದರಲ್ಲಿ ನಿರ್ವಹಣಾ ಕೇಂದ್ರವು ಪ್ರತಿ ಸಾಧನವನ್ನೂ ಮತ್ತೆ ಮತ್ತೆ ಪ್ರಶ್ನಿಸಿ ಎಣಿಕೆಗಳನ್ನು ಪಡೆಯಬೇಕು. ಈ ಕ್ರಮಕ್ಕೆ ಪೋಲಿಂಗ್ ಎನ್ನುತ್ತಾರೆ. ಸಾಧನಗಳು ಕಡಿಮೆ ಇದ್ದಾಗ ಇದು ಸುಲಭ. ಆದರೆ ತಲಾ 48 ಪೋರ್ಟ್‌ಗಳ 200 ಸ್ವಿಚ್‌ಗಳಿರುವ ಜಾಲದಲ್ಲಿ ಪ್ರತಿ ಪೋರ್ಟ್‌ನ 5 ಎಣಿಕೆಗಳನ್ನು ನಿಮಿಷಕ್ಕೊಮ್ಮೆ ಕೇಳಬೇಕೆಂದರೆ ನಿಮಿಷಕ್ಕೆ 48,000 ಮೌಲ್ಯಗಳು ಜಾಲದ ಮೇಲೆ ಹರಿಯಬೇಕಾಗುತ್ತದೆ. ಅವುಗಳಲ್ಲಿ ಬಹುಪಾಲು ಹೇಳುವುದು ಒಂದೇ ಸಂಗತಿ: ಎಲ್ಲವೂ ಸರಿಯಾಗಿದೆ. ದೂರದ ಶಾಖೆಗಳನ್ನು ನಿಧಾನಗತಿಯ, ದುಬಾರಿ ಬಾಡಿಗೆ ತಂತಿಗಳ ಮೂಲಕ ಜೋಡಿಸುತ್ತಿದ್ದ ಕಾಲದಲ್ಲಿ ಈ ವ್ಯರ್ಥ ಸಂಚಾರವನ್ನು ಸಹಿಸುವುದು ಕಷ್ಟವಿತ್ತು. ಅದಕ್ಕಿಂತ ದೊಡ್ಡ ಕೊರತೆಯೂ ಇತ್ತು. ಶಾಖೆಯ ಸಂಪರ್ಕವೇ ಕಡಿದುಹೋದರೆ, ಆ ಹೊತ್ತಿನಲ್ಲಿ ಅಲ್ಲಿ ಏನು ನಡೆಯಿತೆಂದು ತಿಳಿಯಲು ಯಾವ ದಾರಿಯೂ ಇರಲಿಲ್ಲ.

ಈ ಕೊರತೆಗೆ ಉತ್ತರವಾಗಿ 1991ರ ನವೆಂಬರ್‌ನಲ್ಲಿ ಆರ್‌ಎಫ್‌ಸಿ 1271 ಎಂಬ ದಾಖಲೆಯಲ್ಲಿ ಆರ್‌ಮಾನ್ ಪ್ರಕಟವಾಯಿತು. ಇದರ ಸಂಪಾದಕರು ಆಗ ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವನ್ ವಾಲ್ಡ್‌ಬುಸರ್. ಎಣಿಸುವ, ಹೋಲಿಸುವ ಕೆಲಸವನ್ನು ದೂರದ ಸಾಧನವೇ ಮಾಡಲಿ, ಹೇಳುವಂಥದ್ದು ಏನಾದರೂ ಇದ್ದಾಗ ಮಾತ್ರ ಅದು ಕೇಂದ್ರಕ್ಕೆ ಹೇಳಲಿ ಎಂಬುದು ಅದರ ತಿರುಳು. ಈಥರ್ನೆಟ್‌ಗೆಂದು ರೂಪಿಸಿದ ಈ ನಿಯಮಾವಳಿಗೆ 1993ರಲ್ಲಿ ಟೋಕನ್ ರಿಂಗ್ ಜಾಲಗಳಿಗೆ ಬೇಕಾದ ವಿಸ್ತರಣೆ ಸೇರಿತು. 1995ರಲ್ಲಿ ಆರ್‌ಎಫ್‌ಸಿ 1757, ಬಳಿಕ 2000ದ ಮೇ ತಿಂಗಳಲ್ಲಿ ಆರ್‌ಎಫ್‌ಸಿ 2819 ಹಳೆಯದರ ಸ್ಥಾನವನ್ನು ಪಡೆದವು. ಇವುಗಳಲ್ಲಿ ಕೊನೆಯದು ಅಂತರಜಾಲದ ಪೂರ್ಣಪ್ರಮಾಣದ ಮಾನಕವಾಗಿದ್ದು, ಅದರ ಮಾನಕ ಸಂಖ್ಯೆ 59. ಮೇಲಿನ ಸ್ತರಗಳ ಸಂಚಾರವನ್ನು ವಿಶ್ಲೇಷಿಸುವ ಆರ್‌ಮಾನ್-2 ಎಂಬ ಪ್ರತ್ಯೇಕ ನಿಯಮಾವಳಿ 1997ರಲ್ಲಿ ಬಂದಿತು.

ಸ್ವಿಚ್‌ಗಳಲ್ಲಿ ಆರ್‌ಮಾನ್

ಆರಂಭದಲ್ಲಿ ಆರ್‌ಮಾನ್ ಇದ್ದದ್ದು ಪ್ರೋಬ್ ಎಂದು ಕರೆಯುವ ಪ್ರತ್ಯೇಕ ಪೆಟ್ಟಿಗೆಗಳಲ್ಲಿ. ಒಂದೇ ತಂತಿಯನ್ನು ಎಲ್ಲ ಗಣಕಗಳೂ ಹಂಚಿಕೊಳ್ಳುತ್ತಿದ್ದ ಅಂದಿನ ಈಥರ್ನೆಟ್‌ನಲ್ಲಿ ಆ ತಂತಿಗೆ ಒಂದು ಪ್ರೋಬ್ ಜೋಡಿಸಿದರೆ ಅಲ್ಲಿ ಹರಿಯುವ ಸಮಸ್ತವೂ ಅದಕ್ಕೆ ಕೇಳಿಸುತ್ತಿತ್ತು. ಸ್ವಿಚ್ ಬಂದ ಮೇಲೆ ಈ ಅನುಕೂಲ ಇಲ್ಲವಾಯಿತು. ಸ್ವಿಚ್ ಪ್ರತಿ ಫ್ರೇಮನ್ನೂ ಅದು ಸೇರಬೇಕಾದ ಪೋರ್ಟ್‌ಗೆ ಮಾತ್ರ ಕಳುಹಿಸುವುದರಿಂದ, ಒಂದು ಪೋರ್ಟ್‌ಗೆ ಜೋಡಿಸಿದ ಪ್ರೋಬ್‌ಗೆ ಉಳಿದ ಪೋರ್ಟ್‌ಗಳ ಸಂಚಾರ ಕಾಣುವುದಿಲ್ಲ. ಎಲ್ಲವನ್ನೂ ಕಾಣುವ ಸ್ಥಾನದಲ್ಲಿ ಉಳಿದದ್ದು ಸ್ವಿಚ್ ಒಂದೇ. ಹೀಗಾಗಿ ಮೇಲ್ವಿಚಾರಣೆಯು ಸ್ವಿಚ್‌ನ ಒಳಗೇ ಸೇರಿಕೊಳ್ಳಬೇಕಾಯಿತು.

ಆದರೆ ಸ್ವಿಚ್‌ನ ಪ್ರೊಸೆಸರ್ ಮತ್ತು ಸ್ಮೃತಿ ಪರಿಮಿತವಾದವು. ಆರ್‌ಮಾನ್ ಈಥರ್ನೆಟ್‌ಗೆಂದು ವಿವರಿಸುವ ಒಂಬತ್ತು ಗುಂಪುಗಳಲ್ಲಿ ಪ್ಯಾಕೆಟ್‌ಗಳನ್ನು ಸೆರೆಹಿಡಿಯುವುದು, ಯಾವ ಗಣಕ ಯಾವುದರೊಂದಿಗೆ ಸಂಭಾಷಿಸುತ್ತಿದೆ ಎಂದು ಪಟ್ಟಿಮಾಡುವುದು ಮುಂತಾದವು ಭಾರವಾದ ಕೆಲಸಗಳು. ಆದ್ದರಿಂದ ತಯಾರಕರು ಸಾಮಾನ್ಯವಾಗಿ ನಾಲ್ಕು ಹಗುರ ಗುಂಪುಗಳನ್ನಷ್ಟೇ ಸ್ವಿಚ್‌ಗಳಲ್ಲಿ ಅಳವಡಿಸಿದರು. ಒಂದನೆಯದಾದ ಅಂಕಿಅಂಶ ಗುಂಪು ಪ್ರತಿ ಪೋರ್ಟ್‌ನ ಒಟ್ಟು ಬೈಟ್, ಪ್ಯಾಕೆಟ್, ಬ್ರಾಡ್‌ಕಾಸ್ಟ್, ದೋಷಯುಕ್ತ ಫ್ರೇಮ್ ಮೊದಲಾದವನ್ನು ಎಣಿಸುತ್ತದೆ. ಎರಡನೆಯದಾದ ಇತಿಹಾಸ ಗುಂಪು ಆ ಎಣಿಕೆಗಳನ್ನು ಕಾಲಖಂಡಗಳಾಗಿ ಸಂಗ್ರಹಿಸಿಡುತ್ತದೆ. ಮೂರನೆಯದು ಅಲಾರಂ, ಒಂಬತ್ತನೆಯದು ಈವೆಂಟ್. ಎಸ್‌ಎನ್‌ಎಂಪಿಯ ವೃಕ್ಷದಲ್ಲಿ ಆರ್‌ಮಾನ್‌ನ ವಿಳಾಸ 1.3.6.1.2.1.16 ಆಗಿದ್ದು, ಗುಂಪಿನ ಸಂಖ್ಯೆಯನ್ನು ಅದರ ಮುಂದೆ ಸೇರಿಸಿದರೆ ಆಯಾ ಗುಂಪಿನ ವಿಳಾಸ ದೊರೆಯುತ್ತದೆ. ಅಂದರೆ ಅಲಾರಂ ಗುಂಪು 1.3.6.1.2.1.16.3 ಎಂಬಲ್ಲಿ, ಈವೆಂಟ್ ಗುಂಪು 1.3.6.1.2.1.16.9 ಎಂಬಲ್ಲಿ ಇರುತ್ತವೆ.

ಅಲಾರಂನ ರಚನೆ

ಪ್ರತಿ ಅಲಾರಂ ಕೋಷ್ಟಕದ ಒಂದು ಸಾಲು. 1ರಿಂದ 65535ರವರೆಗಿನ ಒಂದು ಕ್ರಮಸಂಖ್ಯೆ ಅದನ್ನು ಗುರುತಿಸುತ್ತದೆ. ಆ ಸಾಲಿನಲ್ಲಿ ಮೊದಲು ಹೇಳಬೇಕಾದದ್ದು ಯಾವ ಎಣಿಕೆಯನ್ನು ಗಮನಿಸಬೇಕು ಎಂಬುದನ್ನು. ಇದನ್ನು ಪೂರ್ಣ ವಿಳಾಸದ ರೂಪದಲ್ಲಿ ಕೊಡಬೇಕು. ಉದಾಹರಣೆಗೆ 1.3.6.1.2.1.2.2.1.14 ಎಂಬುದು ಪೋರ್ಟ್‌ಗೆ ಬಂದ ದೋಷಯುಕ್ತ ಪ್ಯಾಕೆಟ್‌ಗಳ ಎಣಿಕೆಯಾಗಿದ್ದು, ಅದರ ಕೊನೆಗೆ ಪೋರ್ಟ್‌ನ ಕ್ರಮಸಂಖ್ಯೆಯನ್ನು ಸೇರಿಸಬೇಕಾಗುತ್ತದೆ. ಗಮನಿಸುವ ಎಣಿಕೆಯು ಆರ್‌ಮಾನ್‌ಗೇ ಸೇರಿದ್ದಾಗಿರಬೇಕೆಂಬ ನಿಯಮವಿಲ್ಲ. ಪೂರ್ಣಾಂಕ ಮೌಲ್ಯವುಳ್ಳ, ಸ್ವಿಚ್ ಎಸ್‌ಎನ್‌ಎಂಪಿ ಮೂಲಕ ತೋರಿಸುವ ಯಾವುದೂ ಆಗಬಹುದು. ಪ್ರೊಸೆಸರ್‌ನ ಬಳಕೆ, ಒಳಗಿನ ಉಷ್ಣತೆ ಮುಂತಾದವನ್ನು ತಯಾರಕರು ತಮ್ಮ ಖಾಸಗಿ ವಿಳಾಸಗಳಲ್ಲಿ ಒದಗಿಸಿದ್ದರೆ ಅವಕ್ಕೂ ಅಲಾರಂ ಇಡಬಹುದು.

ಎರಡನೆಯದು ಅವಧಿ. ಎಷ್ಟು ಸೆಕೆಂಡಿಗೊಮ್ಮೆ ಮೌಲ್ಯವನ್ನು ಓದಬೇಕು ಎಂಬುದನ್ನು ಇದು ಹೇಳುತ್ತದೆ. ಮೂರನೆಯದು ಮಾದರಿಯ ಬಗೆ. ಇದರಲ್ಲಿ ಎರಡು ಆಯ್ಕೆಗಳಿವೆ. ಅಬ್ಸಲ್ಯೂಟ್ ಎಂಬ ಬಗೆಯಲ್ಲಿ ಓದಿದ ಮೌಲ್ಯವನ್ನೇ ನೇರವಾಗಿ ಮಿತಿಯೊಂದಿಗೆ ಹೋಲಿಸಲಾಗುತ್ತದೆ. ಡೆಲ್ಟಾ ಎಂಬ ಬಗೆಯಲ್ಲಿ ಹಿಂದಿನ ಸಲ ಓದಿದ್ದಕ್ಕೂ ಈಗ ಓದಿದ್ದಕ್ಕೂ ಇರುವ ವ್ಯತ್ಯಾಸವನ್ನು ಹೋಲಿಸಲಾಗುತ್ತದೆ. ಉಷ್ಣತೆಯಂತೆ ಏರಿಳಿಯುವ ಮೌಲ್ಯಗಳಿಗೆ ಮೊದಲನೆಯದು ಸರಿ. ಪ್ಯಾಕೆಟ್ ಎಣಿಕೆಯು ವಾಹನದ ಓಡೋಮೀಟರ್ ಇದ್ದಂತೆ, ಮುಂದಕ್ಕೆ ಮಾತ್ರ ಹೋಗುತ್ತದೆ. ಅಂಥದಕ್ಕೆ ಎರಡನೆಯದೇ ಬೇಕು.

ಎರಡು ಮಿತಿಗಳು

ಆರ್‌ಮಾನ್ ಅಲಾರಂಗೆ ಒಂದಲ್ಲ, ಎರಡು ಮಿತಿಗಳಿವೆ. ಸ್ವಿಚ್‌ಗಳ ಕೈಪಿಡಿಯಲ್ಲಿ ರೈಸಿಂಗ್ ಥ್ರೆಶೋಲ್ಡ್ ಎಂದು ಕಾಣುವುದನ್ನು ಏರುಮಿತಿ ಎಂದೂ, ಫಾಲಿಂಗ್ ಥ್ರೆಶೋಲ್ಡ್ ಎಂದು ಕಾಣುವುದನ್ನು ಇಳಿಮಿತಿ ಎಂದೂ ಇಲ್ಲಿ ಕರೆಯಲಾಗಿದೆ. ಹೊಸದಾಗಿ ಕಲಿಯುವವರು ಹೆಚ್ಚಾಗಿ ತಪ್ಪು ತಿಳಿಯುವುದು ಇಳಿಮಿತಿಯ ವಿಷಯದಲ್ಲಿ. ಏರುಮಿತಿ ಕೆಟ್ಟ ಸುದ್ದಿಗೆ, ಇಳಿಮಿತಿ ಒಳ್ಳೆಯ ಸುದ್ದಿಗೆ ಎಂದು ಭಾವಿಸಿ, ಎರಡನೆಯದಕ್ಕೆ ತೋಚಿದ ಸಂಖ್ಯೆಯೊಂದನ್ನು ತುಂಬಿಬಿಡುವುದುಂಟು. ವಾಸ್ತವವಾಗಿ, ಒಮ್ಮೆ ಕೂಗಿದ ಅಲಾರಂ ಮತ್ತೊಮ್ಮೆ ಕೂಗಲು ಸಜ್ಜಾಗುವುದು ಇಳಿಮಿತಿಯನ್ನು ಮುಟ್ಟಿದಾಗಲೇ.

ನಿಯಮ ಹೀಗಿದೆ. ಈಗಿನ ಮಾದರಿ ಏರುಮಿತಿಗೆ ಸಮ ಅಥವಾ ಅದಕ್ಕಿಂತ ಹೆಚ್ಚಾಗಿದ್ದು, ಹಿಂದಿನ ಮಾದರಿ ಅದಕ್ಕಿಂತ ಕಡಿಮೆಯಾಗಿದ್ದರೆ ಒಂದು ಏರು ಅಲಾರಂ ಹೊರಡುತ್ತದೆ. ಆ ಬಳಿಕ ಮೌಲ್ಯ ಇಳಿಮಿತಿಯವರೆಗೆ ಇಳಿಯುವ ತನಕ ಮತ್ತೊಂದು ಏರು ಅಲಾರಂ ಹೊರಡುವುದಿಲ್ಲ. ಇಳಿ ಅಲಾರಂಗೂ ಇದೇ ನಿಯಮ ತಿರುವುಮುರುವಾಗಿ ಅನ್ವಯಿಸುತ್ತದೆ. ಏರುಮಿತಿ 1000, ಇಳಿಮಿತಿ 300 ಎಂದು ಇಟ್ಟುಕೊಂಡು ಅನುಕ್ರಮವಾಗಿ 480, 1050, 1200, 900, 1100, 350, 290, 1020 ಎಂಬ ಮಾದರಿಗಳು ದೊರೆತವೆಂದು ಭಾವಿಸೋಣ. 1050ರಲ್ಲಿ ಏರು ಅಲಾರಂ ಹೊರಡುತ್ತದೆ. 1200ರಲ್ಲಿ ಏನೂ ಇಲ್ಲ, ಮೌಲ್ಯ ಈಗಾಗಲೇ ಮೇಲಿದೆ. 900ಕ್ಕೆ ಇಳಿದು ಮತ್ತೆ 1100 ಆದಾಗಲೂ ಏನೂ ಇಲ್ಲ, ಏಕೆಂದರೆ ನಡುವೆ ಮೌಲ್ಯ 300ನ್ನು ಮುಟ್ಟಲಿಲ್ಲ. 350ರಲ್ಲಿಯೂ ಮೌನ. 290ರಲ್ಲಿ ಇಳಿ ಅಲಾರಂ ಹೊರಡುತ್ತದೆ, ಅಲ್ಲಿಗೆ ಏರು ಅಲಾರಂ ಮತ್ತೆ ಸಜ್ಜಾಗುತ್ತದೆ. 1020ರಲ್ಲಿ ಎರಡನೆಯ ಏರು ಅಲಾರಂ ಹೊರಡುತ್ತದೆ. ಎಂಟು ಮಾದರಿಗಳಿಗೆ ಒಟ್ಟು ಮೂರು ಸಂದೇಶಗಳಷ್ಟೇ.

ಈ ಗುಣಕ್ಕೆ ಹಿಸ್ಟೆರಿಸಿಸ್ ಎಂದು ಹೆಸರು. ಮನೆಯ ಮೇಲಿನ ನೀರಿನ ಟ್ಯಾಂಕಿಗೆ ಅಳವಡಿಸುವ ಸ್ವಯಂಚಾಲಿತ ಮೋಟರ್ ನಿಯಂತ್ರಕದಲ್ಲಿಯೂ ಇದೇ ಉಪಾಯವಿದೆ. ನೀರು ತಳ ಸೇರಿದಾಗ ಮೋಟರ್ ಶುರುವಾಗಿ, ತುಂಬಿದಾಗ ನಿಲ್ಲುತ್ತದೆ. ಎರಡಕ್ಕೂ ಒಂದೇ ಗುರುತು ಇದ್ದಿದ್ದರೆ ಅಲೆಯಾಡುವ ನೀರಿಗೆ ತಕ್ಕಂತೆ ಮೋಟರ್ ಕ್ಷಣಕ್ಷಣಕ್ಕೂ ಹೊತ್ತಿಕೊಂಡು ಆರುತ್ತಿತ್ತು. ಹಾಗೆಯೇ ಒಂದೇ ಮಿತಿಯಿದ್ದಿದ್ದರೆ, ಮೌಲ್ಯ ಆ ಮಿತಿಯ ಆಸುಪಾಸಿನಲ್ಲಿ ತೂಗಾಡುವಾಗ ನಿರ್ವಾಹಕರ ಮುಂದೆ ಸಂದೇಶಗಳ ರಾಶಿ ಬೀಳುತ್ತಿತ್ತು. ಹಾಗೆ ರಾಶಿ ಬಿದ್ದ ಸಂದೇಶಗಳನ್ನು ಯಾರೂ ಓದುವುದಿಲ್ಲ ಎಂಬುದು ಜಾಲನಿರ್ವಹಣೆಯಲ್ಲಿ ಎಲ್ಲರೂ ಕಂಡ ಸಂಗತಿ.

ಇಳಿಮಿತಿಯನ್ನು ತೀರ ಕೆಳಗೆ ಇಟ್ಟರೆ ಇದಕ್ಕೆ ವಿರುದ್ಧವಾದ ತೊಂದರೆ. ಬ್ರಾಡ್‌ಕಾಸ್ಟ್ ಪ್ಯಾಕೆಟ್‌ಗಳು ಆರೋಗ್ಯವಂತ ಜಾಲದಲ್ಲಿಯೂ ಸದಾ ಅಷ್ಟಿಷ್ಟು ಇದ್ದೇ ಇರುತ್ತವೆ. ಅವುಗಳ ಅಲಾರಂಗೆ ಇಳಿಮಿತಿ 0 ಎಂದು ಬರೆದರೆ ಮೌಲ್ಯ ಎಂದೂ ಆ ಮಟ್ಟಕ್ಕೆ ಇಳಿಯದು. ಅಂಥ ಅಲಾರಂ ಮೊದಲ ಬಾರಿ ಕೂಗಿ, ಆಮೇಲೆ ಎಷ್ಟು ದೊಡ್ಡ ಬಿರುಗಾಳಿ ಬಂದರೂ ಸುಮ್ಮನಿರುತ್ತದೆ. ಕೋಷ್ಟಕದಲ್ಲಿ ನೋಡಿದರೆ ಅದರ ಸ್ಥಿತಿ ಮಾತ್ರ ಸರಿಯಾಗಿಯೇ ಕಾಣುತ್ತಿರುತ್ತದೆ. ದೋಷಯುಕ್ತ ಫ್ರೇಮ್‌ಗಳಂತೆ ಸಹಜಸ್ಥಿತಿಯಲ್ಲಿ ಶೂನ್ಯವೇ ಆಗಿರುವ ಎಣಿಕೆಗಳಿಗೆ ಇಳಿಮಿತಿ 0 ತಕ್ಕದ್ದೇ.

ಅಲಾರಂ ಚಾಲನೆಗೆ ಬಂದ ಕ್ಷಣದಲ್ಲಿ ಹಿಂದಿನ ಮಾದರಿ ಇರುವುದಿಲ್ಲ. ಆದ್ದರಿಂದ ಮೊದಲ ಮಾದರಿಯನ್ನು ಹೇಗೆ ಪರಿಗಣಿಸಬೇಕೆಂದು ಆರಂಭಿಕ ಅಲಾರಂ ಎಂಬ ಮತ್ತೊಂದು ಅಂಶ ಹೇಳುತ್ತದೆ. ಏರು ಮಾತ್ರ, ಇಳಿ ಮಾತ್ರ, ಎರಡೂ ಎಂಬ ಮೂರು ಆಯ್ಕೆಗಳಿವೆ. ಎರಡೂ ಎಂದು ಆರಿಸಿ 48 ಪೋರ್ಟ್‌ಗಳ ದೋಷ ಎಣಿಕೆಗೆ ಇಳಿಮಿತಿ 0 ಇಟ್ಟರೆ, ಯಾವ ತೊಂದರೆಯೂ ಇಲ್ಲದ ಸ್ವಿಚ್ ಮೊದಲ ಅವಧಿ ಮುಗಿಯುತ್ತಲೇ 48 ಇಳಿ ಅಲಾರಂಗಳನ್ನು ಕಳುಹಿಸುತ್ತದೆ. ಇಂಥಲ್ಲಿ ಏರು ಮಾತ್ರ ಎಂಬ ಆಯ್ಕೆ ಸೂಕ್ತ.

ಈವೆಂಟ್

ಅಲಾರಂ ಕೇವಲ ಮಿತಿ ದಾಟಿದ್ದನ್ನು ಗುರುತಿಸುತ್ತದೆ. ಮುಂದಿನದನ್ನು ನೋಡಿಕೊಳ್ಳುವುದು ಈವೆಂಟ್. ಏರುಮಿತಿಗೆ ಒಂದು, ಇಳಿಮಿತಿಗೆ ಒಂದು ಈವೆಂಟ್ ಸಂಖ್ಯೆಯನ್ನು ಅಲಾರಂನ ಸಾಲಿನಲ್ಲಿ ಬರೆಯಬೇಕು. ಎರಡಕ್ಕೂ ಒಂದೇ ಈವೆಂಟ್ ಇರಬಹುದು. ಹಲವು ಅಲಾರಂಗಳು ಒಂದೇ ಈವೆಂಟನ್ನು ಹಂಚಿಕೊಳ್ಳಲೂಬಹುದು. ಈವೆಂಟ್ ಸಂಖ್ಯೆ 0 ಆಗಿದ್ದರೆ ಆ ದಿಕ್ಕಿನಲ್ಲಿ ಯಾವ ಕ್ರಿಯೆಯೂ ನಡೆಯುವುದಿಲ್ಲ.

ಈವೆಂಟ್‌ನಲ್ಲಿ ನಾಲ್ಕು ಬಗೆ: ಏನೂ ಮಾಡದಿರುವುದು, ದಾಖಲಿಸುವುದು, ಟ್ರ್ಯಾಪ್ ಕಳುಹಿಸುವುದು, ದಾಖಲಿಸಿ ಟ್ರ್ಯಾಪನ್ನೂ ಕಳುಹಿಸುವುದು. ದಾಖಲೆ ಸ್ವಿಚ್‌ನ ಸ್ಮೃತಿಯಲ್ಲಿರುವ ಕೋಷ್ಟಕದಲ್ಲಿ ಉಳಿಯುತ್ತದೆ. ಅಲ್ಲಿ ನಮೂದಾಗುವ ಹೊತ್ತು ಗಡಿಯಾರದ ಹೊತ್ತಲ್ಲ, ಸ್ವಿಚ್ ಚಾಲನೆಗೊಂಡಂದಿನಿಂದ ಕಳೆದ ಕಾಲ. ಟ್ರ್ಯಾಪ್ ಎಂಬುದು ಸ್ವಿಚ್ ತಾನಾಗಿಯೇ ನಿರ್ವಹಣಾ ಕೇಂದ್ರಕ್ಕೆ ಯುಡಿಪಿ 162ನೆಯ ಪೋರ್ಟ್‌ಗೆ ಕಳುಹಿಸುವ ಸಂದೇಶ. ಆರ್‌ಮಾನ್‌ನ ಟ್ರ್ಯಾಪ್‌ನಲ್ಲಿ ಅಲಾರಂನ ಕ್ರಮಸಂಖ್ಯೆ, ಗಮನಿಸುತ್ತಿದ್ದ ಎಣಿಕೆಯ ವಿಳಾಸ, ಮಾದರಿಯ ಬಗೆ, ಆಗಿನ ಮೌಲ್ಯ ಮತ್ತು ದಾಟಿದ ಮಿತಿ ಎಂಬ ಐದು ಸಂಗತಿಗಳಿರುತ್ತವೆ. ಈವೆಂಟ್‌ಗೆ ನಿರ್ವಾಹಕರು ಬರೆದ ವಿವರಣೆ ಆ ಐದರಲ್ಲಿ ಸೇರಿಲ್ಲ. ಆದಕಾರಣ 17ನೆಯ ಅಲಾರಂ ಎಂದರೆ ಯಾವ ಕಟ್ಟಡದ ಯಾವ ಪೋರ್ಟ್ ಎಂಬ ಪಟ್ಟಿ ಕೇಂದ್ರದಲ್ಲಿ ಇಲ್ಲದಿದ್ದರೆ ನಡುರಾತ್ರಿ ಬಂದ ಟ್ರ್ಯಾಪ್ ಬರಿಯ ಅಂಕಿಗಳ ಸಾಲಾಗಿಯೇ ಉಳಿಯುತ್ತದೆ.

ಅಲಾರಂ ಮತ್ತು ಈವೆಂಟ್ ಎರಡರಲ್ಲಿಯೂ ಒಡೆಯ ಎಂಬ ಅಂಶವಿದೆ. ಒಂದೇ ಸ್ವಿಚ್‌ನಲ್ಲಿ ಹಲವು ನಿರ್ವಹಣಾ ಕೇಂದ್ರಗಳು ತಮ್ಮ ತಮ್ಮ ಅಲಾರಂಗಳನ್ನು ಇಡಬಹುದಾದ್ದರಿಂದ, ಯಾವ ಸಾಲು ಯಾರದೆಂದು ತಿಳಿಯಲಿ ಎಂಬುದು ಇದರ ಉದ್ದೇಶ. ಬೇರೊಬ್ಬರ ಸಾಲನ್ನು ಅಳಿಸದಂತೆ ತಡೆಯುವ ಬಲ ಇದಕ್ಕಿಲ್ಲ, ಇದು ಹೆಸರಿನ ಚೀಟಿ ಮಾತ್ರ.

ಸಂರಚನೆಯ ಕ್ರಮ

ಸಿಸ್ಕೊ, ಜುನಿಪರ್, ಹುವಾವೆ ಮೊದಲಾದ ತಯಾರಕರ ಆದೇಶಗಳ ರೂಪ ಬೇರೆ ಬೇರೆಯಾಗಿದ್ದರೂ ಕೆಲಸದ ಕ್ರಮ ಬಹುತೇಕ ಒಂದೇ. ಮೊದಲು ಎಸ್‌ಎನ್‌ಎಂಪಿಯನ್ನು ಚಾಲನೆಗೊಳಿಸಿ ಟ್ರ್ಯಾಪ್ ತಲುಪಬೇಕಾದ ಕೇಂದ್ರದ ವಿಳಾಸವನ್ನು ಕೊಡಬೇಕು. ಅನಂತರ ಈವೆಂಟನ್ನು, ಅದಾದ ಮೇಲೆ ಅಲಾರಂ ಅನ್ನು ರಚಿಸಬೇಕು. ಈ ಅನುಕ್ರಮಕ್ಕೆ ಕಾರಣವಿದೆ. ಅಲಾರಂನಲ್ಲಿ ಬರೆದ ಈವೆಂಟ್ ಸಂಖ್ಯೆಗೆ ತಕ್ಕ ಸಾಲು ಈವೆಂಟ್ ಕೋಷ್ಟಕದಲ್ಲಿ ಇಲ್ಲದಿದ್ದರೆ ಸಂಬಂಧವೇ ಇಲ್ಲವೆಂದು ಮಾನಕ ಹೇಳುತ್ತದೆ. ಅಂಥ ಅಲಾರಂ ಮಿತಿ ದಾಟಿದ್ದನ್ನು ಕಂಡರೂ ಯಾರಿಗೂ ಹೇಳುವುದಿಲ್ಲ.

ಒಂದು ಕಾಲೇಜಿನ ಗಣಕ ಪ್ರಯೋಗಾಲಯವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಯಾರೋ ಒಬ್ಬರು ಒಂದೇ ಕೇಬಲ್‌ನ ಎರಡೂ ತುದಿಗಳನ್ನು ಗೋಡೆಯ ಎರಡು ಸಾಕೆಟ್‌ಗಳಿಗೆ ಚುಚ್ಚಿದರೆ ಜಾಲದಲ್ಲಿ ಸುತ್ತು ಉಂಟಾಗುತ್ತದೆ. ಸ್ಪ್ಯಾನಿಂಗ್ ಟ್ರೀ ಎಂಬ ರಕ್ಷಣೆ ಚಾಲನೆಯಲ್ಲಿಲ್ಲದಿದ್ದರೆ ಒಂದೇ ಬ್ರಾಡ್‌ಕಾಸ್ಟ್ ಫ್ರೇಮ್ ಆ ಸುತ್ತಿನಲ್ಲಿ ಕೊನೆಯಿಲ್ಲದೆ ತಿರುಗಿ, ನಕಲುಗಳಾಗಿ ಹೆಚ್ಚುತ್ತ ಹೋಗಿ, ಕ್ಷಣಗಳಲ್ಲಿ ಇಡೀ ಜಾಲವನ್ನು ಆವರಿಸಿಕೊಳ್ಳುತ್ತದೆ. ಇದನ್ನು ಬ್ರಾಡ್‌ಕಾಸ್ಟ್ ಬಿರುಗಾಳಿ ಎನ್ನುತ್ತಾರೆ. ಇದನ್ನು ಪತ್ತೆಹಚ್ಚಲು ಆರ್‌ಮಾನ್ ಅಂಕಿಅಂಶ ಗುಂಪಿನ ಬ್ರಾಡ್‌ಕಾಸ್ಟ್ ಎಣಿಕೆಯನ್ನು ಬಳಸಬಹುದು. ಅದರ ವಿಳಾಸ 1.3.6.1.2.1.16.1.1.1.6, ಕೊನೆಗೆ ಆ ಪೋರ್ಟ್‌ನ ಅಂಕಿಅಂಶ ಸಾಲಿನ ಸಂಖ್ಯೆ ಸೇರುತ್ತದೆ. ಕೆಲವು ಸ್ವಿಚ್‌ಗಳಲ್ಲಿ ಪೋರ್ಟ್‌ನ ಅಂಕಿಅಂಶ ಸಂಗ್ರಹವನ್ನು ಮೊದಲು ಪ್ರತ್ಯೇಕವಾಗಿ ಚಾಲನೆಗೊಳಿಸಬೇಕಾಗುತ್ತದೆ, ಇಲ್ಲವಾದರೆ ಈ ವಿಳಾಸವೇ ಇರುವುದಿಲ್ಲ.

ಆ ಪೋರ್ಟ್‌ನಲ್ಲಿ ದಿನದ ಅತ್ಯಂತ ಬಿಡುವಿಲ್ಲದ ಹೊತ್ತಿನಲ್ಲಿಯೂ 10 ಸೆಕೆಂಡಿಗೆ 300ಕ್ಕಿಂತ ಹೆಚ್ಚು ಬ್ರಾಡ್‌ಕಾಸ್ಟ್ ಕಾಣಿಸುವುದಿಲ್ಲ ಎಂದಿಟ್ಟುಕೊಳ್ಳೋಣ. ಆಗ ಅವಧಿ 10 ಸೆಕೆಂಡ್, ಬಗೆ ಡೆಲ್ಟಾ, ಏರುಮಿತಿ 3000, ಇಳಿಮಿತಿ 600 ಎಂದು ಇಡಬಹುದು. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಪೋರ್ಟ್ ಅತಿ ಸಣ್ಣ ಫ್ರೇಮ್‌ಗಳನ್ನು ಸೆಕೆಂಡಿಗೆ ಸುಮಾರು 1,48,810ರಂತೆ ಸಾಗಿಸಬಲ್ಲದು. ಬಿರುಗಾಳಿ ಎದ್ದರೆ ಮೊದಲ ಮಾದರಿಯಲ್ಲಿಯೇ 3000 ಎಲ್ಲೋ ಹಿಂದೆ ಉಳಿದಿರುತ್ತದೆ. ಇಳಿಮಿತಿ 600 ಸಹಜಮಟ್ಟಕ್ಕಿಂತ ಮೇಲಿರುವುದರಿಂದ ಬಿರುಗಾಳಿ ಅಡಗಿದೊಡನೆ ಅಲಾರಂ ಮತ್ತೆ ಸಜ್ಜಾಗುತ್ತದೆ. ಅಲಾರಂ ಸುದ್ದಿಯನ್ನಷ್ಟೇ ಕೊಡುತ್ತದೆ, ಬಿರುಗಾಳಿಯನ್ನು ತಡೆಯುವುದಿಲ್ಲ. ತಡೆಯುವ ಕೆಲಸ ಸ್ಪ್ಯಾನಿಂಗ್ ಟ್ರೀ ಮತ್ತು ಸ್ಟಾರ್ಮ್ ಕಂಟ್ರೋಲ್ ಎಂಬ ಬೇರೆ ಸೌಲಭ್ಯಗಳದ್ದು.

ದೋಷಯುಕ್ತ ಫ್ರೇಮ್‌ಗಳ ಅಲಾರಂ ಇನ್ನೂ ಸೂಕ್ಷ್ಮವಾದ ತೊಂದರೆಯನ್ನು ಬಯಲುಮಾಡುತ್ತದೆ. ಕೇಬಲ್‌ನ ಒಂದು ತುದಿಯ ಪೋರ್ಟನ್ನು ಫುಲ್ ಡುಪ್ಲೆಕ್ಸ್ ಎಂದು ಖಾಯಂ ಮಾಡಿ, ಇನ್ನೊಂದು ತುದಿಯನ್ನು ತಾನಾಗಿ ನಿರ್ಧರಿಸಿಕೊಳ್ಳಲು ಬಿಟ್ಟರೆ ಎರಡನೆಯದು ಹಾಫ್ ಡುಪ್ಲೆಕ್ಸ್‌ಗೆ ಇಳಿಯುತ್ತದೆ. ಸಂಪರ್ಕ ಇದೆ ಎಂಬ ದೀಪ ಹೊತ್ತಿರುತ್ತದೆ, ಪಿಂಗ್‌ಗೆ ಉತ್ತರ ಬರುತ್ತದೆ. ಆದರೆ ದೊಡ್ಡ ಕಡತ ಸಾಗಿಸಲು ಹೊರಟರೆ ಜಾಲ ತೆವಳುತ್ತದೆ. ಫುಲ್ ಡುಪ್ಲೆಕ್ಸ್ ಬದಿಯಲ್ಲಿ ಸಿಆರ್‌ಸಿ ದೋಷಗಳು, ಹಾಫ್ ಡುಪ್ಲೆಕ್ಸ್ ಬದಿಯಲ್ಲಿ ತಡವಾದ ಡಿಕ್ಕಿಗಳು ಎಣಿಕೆಗೆ ಸೇರುತ್ತ ಹೋಗುತ್ತವೆ. ಜಾಲ ನಿಧಾನ ಎಂದು ಬಳಕೆದಾರರು ತಿಂಗಳುಗಟ್ಟಲೆ ಗೊಣಗುವ ಬದಲು, ಈ ಎಣಿಕೆಗೆ ಇಟ್ಟ ಅಲಾರಂ ಮೊದಲ ದಿನವೇ ಪೋರ್ಟನ್ನು ಹೆಸರಿಸಿ ಹೇಳಬಲ್ಲದು.

ಮಿತಿ ಮತ್ತು ಅವಧಿಯ ಲೆಕ್ಕ

ಮಿತಿಯನ್ನು ಊಹೆಯಿಂದ ನಿರ್ಧರಿಸುವುದಕ್ಕಿಂತ ಜಾಲದ ಸಹಜಸ್ಥಿತಿಯನ್ನು ಮೊದಲು ಅಳೆಯುವುದು ಒಳ್ಳೆಯದು. ಇತಿಹಾಸ ಗುಂಪು ಇದಕ್ಕೆಂದೇ ಇದೆ. ಪ್ರತಿ ಪೋರ್ಟ್‌ಗೆ 30 ಸೆಕೆಂಡಿನದೊಂದು, 30 ನಿಮಿಷದ್ದೊಂದು ಎಂದು ಎರಡು ಸಂಗ್ರಹಗಳಿರಲಿ ಎಂದು ಮಾನಕವೇ ಸೂಚಿಸುತ್ತದೆ. ಮೊದಲನೆಯದು ಹಠಾತ್ ಏರಿಳಿತಗಳನ್ನೂ ಎರಡನೆಯದು ದಿನದ ಲಯವನ್ನೂ ತೋರಿಸುತ್ತದೆ. ವಾರದ ದಿನ, ರಜೆ, ತಿಂಗಳ ಕೊನೆ, ರಾತ್ರಿಯ ಬ್ಯಾಕಪ್ ಹೊತ್ತು ಇವೆಲ್ಲವೂ ಆ ಅಳತೆಯೊಳಗೆ ಬಂದಿರಬೇಕು. ರಾತ್ರಿಯ ಬ್ಯಾಕಪ್ಪನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇಟ್ಟ ದಟ್ಟಣೆಯ ಅಲಾರಂ ಪ್ರತಿ ರಾತ್ರಿಯೂ ಅದೇ ಹೊತ್ತಿಗೆ ಕೂಗುತ್ತದೆ. ಕೆಲವು ವಾರಗಳಲ್ಲಿ ಅದನ್ನು ಕಡೆಗಣಿಸುವ ಅಭ್ಯಾಸ ಬೆಳೆಯುತ್ತದೆ.

ದಟ್ಟಣೆಯ ಮಿತಿಯನ್ನು ಶೇಕಡಾವಾರಿನಲ್ಲಿ ಬರೆಯಲಾಗದು, ಬೈಟ್‌ಗಳಿಗೆ ಪರಿವರ್ತಿಸಬೇಕು. ಸೆಕೆಂಡಿಗೆ 100 ಮೆಗಾಬಿಟ್ ಸಂಪರ್ಕದ ಶೇ. 80 ಎಂದರೆ ಸೆಕೆಂಡಿಗೆ 80 ಮೆಗಾಬಿಟ್, ಅಂದರೆ 1 ಕೋಟಿ ಬೈಟ್. ಅವಧಿ 60 ಸೆಕೆಂಡ್ ಆಗಿದ್ದರೆ ಏರುಮಿತಿ 60 ಕೋಟಿ. ಶೇ. 50ಕ್ಕೆ ಇಳಿಮಿತಿ ಇಡುವುದಾದರೆ 37.5 ಕೋಟಿ.

ಇದೇ ಲೆಕ್ಕವನ್ನು ಗಿಗಾಬಿಟ್ ಸಂಪರ್ಕಕ್ಕೆ ಹತ್ತರಿಂದ ಗುಣಿಸಿ ಬಳಸಿದರೆ ಮೋಸಹೋಗಬೇಕಾಗುತ್ತದೆ. ಹಳೆಯ ಬೈಟ್ ಎಣಿಕೆಗಳು 32 ಬಿಟ್‌ನವು. ಸುಮಾರು 429 ಕೋಟಿಯಾದ ಮೇಲೆ ಅವು ಸೊನ್ನೆಗೆ ಮರಳುತ್ತವೆ. ಗಿಗಾಬಿಟ್ ಪೋರ್ಟ್ ತುಂಬಿ ಹರಿದರೆ ಸೆಕೆಂಡಿಗೆ 12.5 ಕೋಟಿ ಬೈಟ್‌ನಂತೆ ಸುಮಾರು 34 ಸೆಕೆಂಡಿಗೇ ಒಂದು ಸುತ್ತು ಮುಗಿಯುತ್ತದೆ. ಅಲ್ಲದೆ ಅಲಾರಂನ ಮೌಲ್ಯ ಮತ್ತು ಮಿತಿಗಳು ಚಿಹ್ನೆಯುಳ್ಳ 32 ಬಿಟ್ ಸಂಖ್ಯೆಗಳಾದ್ದರಿಂದ ಅವು ಹಿಡಿಯಬಲ್ಲ ಗರಿಷ್ಠ 2,14,74,83,647. ಒಂದು ಅವಧಿಯೊಳಗಿನ ಬದಲಾವಣೆ ಈ ಸಂಖ್ಯೆಯನ್ನು ಮೀರದಂತೆ ಅವಧಿಯನ್ನು ಕಿರಿದಾಗಿ ಇಡಬೇಕೆಂದು ಮಾನಕ ಹೇಳುತ್ತದೆ. ಗಿಗಾಬಿಟ್‌ಗೆ ಇದು ಸುಮಾರು 17 ಸೆಕೆಂಡ್. ಆದ್ದರಿಂದ 10 ಸೆಕೆಂಡ್ ಅವಧಿ, ಶೇ. 80ಕ್ಕೆ 100 ಕೋಟಿ ಏರುಮಿತಿ ಎಂಬುದು ನಿಲ್ಲುತ್ತದೆ, 60 ಸೆಕೆಂಡ್ ಅವಧಿ ನಿಲ್ಲುವುದಿಲ್ಲ. ಅವಧಿ ದೊಡ್ಡದಾದಾಗ ದೊರೆಯುವ ವ್ಯತ್ಯಾಸಕ್ಕೂ ನಿಜದ ದಟ್ಟಣೆಗೂ ಸಂಬಂಧವೇ ತಪ್ಪಿಹೋಗಿ, ಪೋರ್ಟ್ ಉಸಿರುಗಟ್ಟಿದ್ದಾಗಲೂ ಸ್ವಿಚ್‌ನ ಪಾಲಿಗೆ ಎಲ್ಲ ಸುಗಮವಾಗಿ ಕಾಣಬಹುದು. 10 ಗಿಗಾಬಿಟ್‌ನಲ್ಲಿ ಎಣಿಕೆಯ ಒಂದು ಸುತ್ತಿಗೆ ಮೂರೂವರೆ ಸೆಕೆಂಡ್ ಸಹ ಬೇಕಿಲ್ಲ. 64 ಬಿಟ್ ಎಣಿಕೆಗಳಿಗೆ ಅಲಾರಂ ಇಡಲು ಅನುವಾಗುವ ವಿಸ್ತರಣೆಯು ಆರ್‌ಎಫ್‌ಸಿ 3434 ಎಂಬ ದಾಖಲೆಯಲ್ಲಿ 2002ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು.

ಅವಧಿಗಳ ಗಡಿಯಲ್ಲಿ ಇನ್ನೊಂದು ಸಂದು ಇದೆ. ಏರುಮಿತಿ 1000, ಅವಧಿ 60 ಸೆಕೆಂಡ್ ಇರುವಾಗ ಒಂದು ಅವಧಿಯ ಕೊನೆಯ ಕ್ಷಣಗಳಲ್ಲಿ 700, ಮುಂದಿನದರ ಆರಂಭದಲ್ಲಿ 700 ದೋಷಗಳು ಬಂದರೆ ಕೆಲವೇ ಸೆಕೆಂಡುಗಳಲ್ಲಿ 1400 ಆದರೂ ಯಾವ ಮಾದರಿಯೂ ಮಿತಿಯನ್ನು ಮುಟ್ಟುವುದಿಲ್ಲ. ಇದಕ್ಕಾಗಿ ಅರ್ಧ ಅವಧಿಗೊಮ್ಮೆ ಮಾದರಿ ತೆಗೆದು, ಕೊನೆಯ ಎರಡರ ಮೊತ್ತವನ್ನು ಮಿತಿಯೊಂದಿಗೆ ಹೋಲಿಸುವಂತೆ ಮಾನಕವು ತಯಾರಕರಿಗೆ ಸಲಹೆ ನೀಡುತ್ತದೆ. ಮಿತಿಯನ್ನು ಬದಲಿಸುವ ಅಗತ್ಯ ಇದರಿಂದ ಬರುವುದಿಲ್ಲ.

ಮೌನಕ್ಕೆ ಕಾರಣಗಳು

ಕೂಗಬೇಕಾದ ಹೊತ್ತಿನಲ್ಲಿ ಕೂಗದ ಅಲಾರಂ, ಅಲಾರಂ ಇಲ್ಲದಿರುವುದಕ್ಕಿಂತ ಹೆಚ್ಚು ಅಪಾಯಕಾರಿ. ಅದು ಇದೆ ಎಂಬ ನಂಬಿಕೆಯಲ್ಲಿ ಬೇರೆ ಯಾರೂ ನೋಡುತ್ತಿರುವುದಿಲ್ಲ. ಇಳಿಮಿತಿಯ ತಪ್ಪು, ಇಲ್ಲದ ಈವೆಂಟ್, ಎಣಿಕೆಯ ಸುತ್ತು ಇವನ್ನು ಮೇಲೆ ವಿವರಿಸಲಾಗಿದೆ. ಏರುತ್ತಲೇ ಹೋಗುವ ಎಣಿಕೆಗೆ ಡೆಲ್ಟಾ ಬದಲು ಅಬ್ಸಲ್ಯೂಟ್ ಎಂದು ಬರೆಯುವುದೂ ಇದೇ ಜಾತಿಗೆ ಸೇರಿದ್ದು. ಎಣಿಕೆ ಒಮ್ಮೆ ಏರುಮಿತಿಯನ್ನು ದಾಟಿದ ಮೇಲೆ, ಸೊನ್ನೆಗೆ ಮರಳುವ ತನಕ ಕೆಳಗಿಳಿಯುವ ಮಾತೇ ಇಲ್ಲ.

ಪೋರ್ಟ್‌ಗಳ ಕ್ರಮಸಂಖ್ಯೆ ಮತ್ತೊಂದು ಕಾರಣ. ಸ್ವಿಚ್ ಮತ್ತೆ ಚಾಲನೆಗೊಂಡಾಗ, ಅದರಲ್ಲೂ ಹೊಸ ಮಾಡ್ಯೂಲ್ ಸೇರಿಸಿದಾಗ, ಈ ಸಂಖ್ಯೆಗಳು ಬದಲಾಗಲು ಎಸ್‌ಎನ್‌ಎಂಪಿಯ ಮಾನಕದಲ್ಲಿ ಅವಕಾಶವಿದೆ. ಆಗ ಮುಖ್ಯ ಸಂಪರ್ಕವನ್ನು ಕಾಯಬೇಕಾದ ಅಲಾರಂ ಯಾವುದೋ ಖಾಲಿ ಪೋರ್ಟನ್ನು ಕಾಯುತ್ತ ಕುಳಿತಿರುತ್ತದೆ. ಸಂಖ್ಯೆಗಳನ್ನು ಸ್ಥಿರವಾಗಿರಿಸುವ ಆಯ್ಕೆ ಹಲವು ಸ್ವಿಚ್‌ಗಳಲ್ಲಿದ್ದು, ಅಲಾರಂ ಇಡುವ ಮೊದಲೇ ಅದನ್ನು ಚಾಲನೆಗೊಳಿಸಬೇಕು. ಗಮನಿಸುತ್ತಿದ್ದ ವಿಳಾಸವೇ ಇಲ್ಲವಾದರೆ ಅಲಾರಂನ ಸ್ಥಿತಿಯನ್ನು ಅಸಿಂಧು ಎಂದು ಬದಲಿಸಬೇಕೆಂಬುದು ಆರ್‌ಮಾನ್‌ನ ನಿಯಮ. ಅಸಿಂಧುವಾದ ಸಾಲನ್ನು ಕೋಷ್ಟಕದಿಂದ ತೆಗೆದುಹಾಕುವುದೂ ಉಂಟು. ಇನ್ನು ದೂರದಿಂದ ಎಸ್‌ಎನ್‌ಎಂಪಿ ಮೂಲಕ ರಚಿಸಿದ ಅಲಾರಂ ವಿದ್ಯುತ್ ಹೋಗಿ ಬಂದ ಮೇಲೆ ಉಳಿಯುತ್ತದೆಯೇ ಎಂಬುದು ಸ್ವಿಚ್‌ನಿಂದ ಸ್ವಿಚ್‌ಗೆ ಬೇರೆಯಾಗುತ್ತದೆ.

ಟ್ರ್ಯಾಪ್ ಕೂಡ ನೆಚ್ಚಿಕೊಳ್ಳುವಂಥದ್ದಲ್ಲ. ಅದಕ್ಕೆ ಸ್ವೀಕೃತಿ ಇಲ್ಲ, ದಾರಿಯಲ್ಲಿ ಕಳೆದುಹೋದರೆ ಕಳುಹಿಸಿದ ಸ್ವಿಚ್‌ಗೆ ತಿಳಿಯುವುದಿಲ್ಲ. ಸಂಪರ್ಕ ತುಂಬಿ ಹರಿಯುತ್ತಿದೆ ಎಂದು ಹೇಳುವ ಟ್ರ್ಯಾಪ್ ಅದೇ ತುಂಬಿದ ಸಂಪರ್ಕದ ಮೂಲಕವೇ ಹೋಗಬೇಕಾದರೆ ತಲುಪದಿರುವ ಸಂಭವ ಹೆಚ್ಚು. ಆದ್ದರಿಂದ ಈವೆಂಟ್‌ಗೆ ದಾಖಲೆ ಮತ್ತು ಟ್ರ್ಯಾಪ್ ಎರಡನ್ನೂ ಆರಿಸುವುದು, ಸಾಧ್ಯವಿದ್ದಲ್ಲಿ ನಿರ್ವಹಣೆಗೆಂದೇ ಪ್ರತ್ಯೇಕ ದಾರಿ ಇಟ್ಟುಕೊಳ್ಳುವುದು ವಾಡಿಕೆ. ಎಸ್‌ಎನ್‌ಎಂಪಿಯ ಎರಡನೆಯ ಆವೃತ್ತಿಯಿಂದ ಬಂದ ಇನ್‌ಫಾರ್ಮ್ ಎಂಬ ಸಂದೇಶಕ್ಕೆ ಸ್ವೀಕೃತಿಯಿದ್ದು, ಅದು ಬರದಿದ್ದರೆ ಸ್ವಿಚ್ ಮತ್ತೆ ಕಳುಹಿಸಬಲ್ಲದು. ಅಲಾರಂ ಇಟ್ಟ ದಿನವೇ ಏರುಮಿತಿಯನ್ನು ತಾತ್ಕಾಲಿಕವಾಗಿ ಸಹಜಮಟ್ಟಕ್ಕಿಂತ ಕೆಳಕ್ಕೆ, ಇಳಿಮಿತಿಯನ್ನು ಅದಕ್ಕೂ ಕೆಳಕ್ಕೆ ತಂದು, ಸಂದೇಶ ಕೇಂದ್ರದವರೆಗೆ ತಲುಪುವುದನ್ನು ಕಣ್ಣಾರೆ ಕಂಡು, ಬಳಿಕ ನಿಜವಾದ ಮಿತಿಗಳನ್ನು ಇಡುವುದು ಅತ್ಯಂತ ಸರಳವಾದ ಪರೀಕ್ಷೆ.

ಭದ್ರತೆ

ಎಸ್‌ಎನ್‌ಎಂಪಿಯ ಮೊದಲ ಎರಡು ಆವೃತ್ತಿಗಳಲ್ಲಿ ಪ್ರವೇಶಕ್ಕೆ ಬೇಕಾದ ಕಮ್ಯುನಿಟಿ ಪದ ಗೂಢಲಿಪಿಯಿಲ್ಲದೆ ಜಾಲದ ಮೇಲೆ ಹರಿಯುತ್ತದೆ. ಪಬ್ಲಿಕ್, ಪ್ರೈವೇಟ್ ಎಂಬ ರೂಢಿಯ ಪದಗಳನ್ನು ಬದಲಿಸದೆ ಬಿಟ್ಟ ಸ್ವಿಚ್‌ಗಳಲ್ಲಿ ಅದನ್ನು ಕದ್ದು ಕೇಳುವ ಶ್ರಮವೂ ಬೇಕಿಲ್ಲ. ದೃಢೀಕರಣ ಮತ್ತು ಗೂಢಲಿಪಿ ಎರಡನ್ನೂ ಒದಗಿಸುವ ಮೂರನೆಯ ಆವೃತ್ತಿ 2002ರ ಡಿಸೆಂಬರ್‌ನಲ್ಲಿ ಆರ್‌ಎಫ್‌ಸಿ 3411ರಿಂದ 3418ರವರೆಗಿನ ದಾಖಲೆಗಳಾಗಿ ಮಾನಕದ ರೂಪ ಪಡೆಯಿತು.

ಅಲಾರಂಗೇ ವಿಶಿಷ್ಟವಾದ ಒಂದು ಬಿರುಕೂ ಇದೆ. ಒಬ್ಬ ಬಳಕೆದಾರನಿಗೆ ಕೆಲವು ಮೌಲ್ಯಗಳನ್ನು ಓದುವ ಅಧಿಕಾರವಿಲ್ಲ, ಆದರೆ ಅಲಾರಂ ರಚಿಸುವ ಅಧಿಕಾರವಿದೆ ಎಂದಾದರೆ, ಆತ ಆ ಗುಪ್ತ ಮೌಲ್ಯದ ವಿಳಾಸವನ್ನು ಅಲಾರಂನಲ್ಲಿ ಬರೆದು, ಅಲಾರಂನ ಈಗಿನ ಮೌಲ್ಯ ಎಂಬ ಅಂಶವನ್ನು ಓದುವ ಮೂಲಕ ಅದನ್ನು ತಿಳಿದುಕೊಳ್ಳಬಹುದು. ಆದಕಾರಣ ಸ್ವಿಚ್‌ನ ಎಲ್ಲ ಮೌಲ್ಯಗಳನ್ನೂ ಓದಬಲ್ಲವರಿಗೆ ಮಾತ್ರ ಅಲಾರಂ ರಚಿಸುವ ಅಧಿಕಾರ ಕೊಡಬೇಕೆಂದು ಮಾನಕದ ದಾಖಲೆಯಲ್ಲಿಯೇ ವಿಧಿಸಲಾಗಿದೆ.

ಇತರ ವಿಧಾನಗಳು

2000ದ ಅಕ್ಟೋಬರ್‌ನಲ್ಲಿ ಆರ್‌ಎಫ್‌ಸಿ 2981 ಎಂಬ ದಾಖಲೆ ಆರ್‌ಮಾನ್‌ನ ಅಲಾರಂ ಮತ್ತು ಈವೆಂಟ್‌ಗಳನ್ನು ವಿಸ್ತರಿಸುವ ಹೊಸ ವ್ಯವಸ್ಥೆಯನ್ನು ವಿವರಿಸಿತು. ಮಿತಿಯ ಜೊತೆಗೆ ಒಂದು ಮೌಲ್ಯ ಇದೆಯೇ ಇಲ್ಲವೇ, ನಿರ್ದಿಷ್ಟ ಸಂಖ್ಯೆಗೆ ಸಮವೇ ಎಂಬ ಪರೀಕ್ಷೆಗಳು ಅದರಲ್ಲಿವೆ. ಹಲವು ಪೋರ್ಟ್‌ಗಳನ್ನು ಒಂದೇ ಸಾಲಿನಿಂದ ಗಮನಿಸಲೂ ಅವಕಾಶವಿದೆ. ಪ್ಯಾಕೆಟ್‌ಗಳ ಮಾದರಿ ತೆಗೆದು ಕಳುಹಿಸುವ ಎಸ್‌ಫ್ಲೋ, ಎಣಿಕೆಗಳನ್ನು ನಿರಂತರವಾಗಿ ಕೇಂದ್ರಕ್ಕೆ ಹರಿಸುವ ಟೆಲಿಮೆಟ್ರಿ, ಕೇಂದ್ರದಲ್ಲಿಯೇ ಮಿತಿಗಳನ್ನು ಪರೀಕ್ಷಿಸುವ ಜ್ಯಾಬಿಕ್ಸ್, ಲಿಬ್ರೆಎನ್‌ಎಂಎಸ್, ಪ್ರೊಮೀಥಿಯಸ್ ಮುಂತಾದ ಮುಕ್ತ ತಂತ್ರಾಂಶಗಳು ಇಂದು ಬಳಕೆಯಲ್ಲಿವೆ. ಕೇಂದ್ರದ ತಂತ್ರಾಂಶದಲ್ಲಿ ಮಿತಿಯನ್ನು ಶೇಕಡಾವಾರಿನಲ್ಲಿ ಬರೆಯಬಹುದು, ಹಲವು ಸಾಧನಗಳ ಮೌಲ್ಯಗಳನ್ನು ಒಟ್ಟಿಗೆ ನೋಡಬಹುದು. ಆದರೆ ಅವು ಕೇಂದ್ರ ಮತ್ತು ಸ್ವಿಚ್ ನಡುವಿನ ಸಂಪರ್ಕವನ್ನು ಅವಲಂಬಿಸಿವೆ. ಆ ಸಂಪರ್ಕ ಕಡಿದಾಗಲೂ ಆರ್‌ಮಾನ್ ಅಲಾರಂ ಸ್ವಿಚ್‌ನ ಒಳಗೆ ತನ್ನ ಎಣಿಕೆಯನ್ನು ಮುಂದುವರಿಸಿ, ಮಿತಿ ದಾಟಿದ ಹೊತ್ತನ್ನು ದಾಖಲೆಯ ಕೋಷ್ಟಕದಲ್ಲಿ ಬರೆದಿಡುತ್ತದೆ. ಸಂಪರ್ಕ ಮರಳಿದ ಮೇಲೆ ಕೇಂದ್ರವು ಅದನ್ನು ಓದಿಕೊಳ್ಳಬಹುದು.